ಸಾಸರ್ ಮುಚ್ಚಿದ ಕಪ್

ಜನವರಿ 12

ಗುಬ್ಬಿ,

ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬಂದರಿನ ಎದುರಿಗಿರುವ ಈ ಕಾಫಿ ಬಾರಿನಲ್ಲಿ ಕುರ್ಚಿಗಳೇ ಇಲ್ಲ. ಎದೆಮಟ್ಟದ ಕಲ್ಲಿನ ಕಟ್ಟೆ, ಅದಕ್ಕೆ ಮೊಣಕೈ ಊರಿದ ಜನ, ಆಚೆ ಹಿತ್ತಾಳೆಯ ಹಳೇ ಯಂತ್ರ. ಎಸ್ಪ್ರೆಸೊ ಎರಡೇ ಗುಟುಕು. ಒಂದು ನಾಲಿಗೆಗೆ, ಒಂದು ದಾರಿಗೆ ಅನ್ನುತ್ತಾನೆ ಕಾಫಿಯವನು. ಹಡಗು ಹಿಡಿಯುವ ಅವಸರದವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ವಾರಪತ್ರಿಕೆಯ ನನ್ನ ಅಂಕಣಕ್ಕೆ ಆಗಲೇ ಗುರುತು ಹಾಕಿಕೊಂಡಿದ್ದೇನೆ.

ಬೆಳಿಗ್ಗೆ ಇಲ್ಲಿ ಒಂದು ನಾಟಕವೇ ನಡೆಯಿತು. ಒಂದೇ ಪೆಟ್ಟಿಗೆ ಹೊರುವುದಕ್ಕೆ ಇಬ್ಬರು ಹಮಾಲರು ಕಿತ್ತಾಡಿದರು. ಒಬ್ಬ ಇನ್ನೊಬ್ಬನ ಜುಟ್ಟು ಹಿಡಿದು ಮುಖವನ್ನು ಕಟ್ಟೆಯ ಅಂಚಿಗೆ ಕುಟ್ಟಿದ. ಹಲ್ಲೊಂದು ಹಾರಿ ಸಕ್ಕರೆ ಬಟ್ಟಲಿಗೆ ಬಿತ್ತು. ಕಾಫಿಯವನು ಇಕ್ಕಳದಲ್ಲಿ ಹಲ್ಲು ಎತ್ತಿ ಅದರ ಒಡೆಯನ ಅಂಗೈಗೆ ಹಾಕಿ, ಸಕ್ಕರೆಯನ್ನು ಕಸದ ಬುಟ್ಟಿಗೆ ಸುರಿದು, "ಮುಂದಿನವರು ಯಾರು?" ಅಂದ. ಅಂಕಣ ಶುರುಮಾಡುವುದಕ್ಕೆ ಇನ್ನೇನು ಬೇಕು ಹೇಳು. ನನಗಂತೂ ಕುಣಿಯುವಂತಾಯಿತು.

ಹೋದ ತಿಂಗಳು ಎರಡು ರೈಲುಗಳ ನಡುವೆ ನಿನ್ನಲ್ಲಿಗೆ ಓಡಿಬಂದು ಓಡಿಹೋದದ್ದು ಮನಸ್ಸಿಗೆ ಸಮಾಧಾನವೇ ತಂದಿಲ್ಲ. ಸೊಂಟದ ಮೇಲೆ ಕೂಸು, ಇನ್ನೊಂದು ಕೈಯಲ್ಲಿ ಯಂತ್ರದ ಹಿಡಿ, ಆ ಹಬೆಯ ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳಿನ ರವಿಕೆ. ಯಾವಾಗಿಂದ ಇಷ್ಟು ಫ್ಯಾಷನ್ ಕಲಿತೆಯೇ? ಕಾಲೇಜಿನಲ್ಲಿ ಮೊದಲ ದರ್ಜೆ ಬಂದವಳು ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಕಾಫಿ ಹಿಂಡುತ್ತಾಳೆ ಅಂತ ನಾನೇನೂ ಅನ್ನುವುದಿಲ್ಲ, ನಾವು ಅದೇ ಹಬೆಯಲ್ಲಿ ಬೆಳೆದವರು. ಆದರೆ ಒಂದು ಫೋನಾದರೂ ಇಟ್ಟುಕೊ. ನಿನ್ನ ಯಜಮಾನರು ಎಲ್ಲಿಯವರೆಗೆ ಹೊರಗಿರುತ್ತಾರೆ? ಅವರಂಥ ಕಾಫಿ ಯಂತ್ರದ ಮೆಕ್ಯಾನಿಕ್ಕನ್ನು ನಾನು ಇಷ್ಟು ಊರು ಸುತ್ತಿದರೂ ನೋಡಿಲ್ಲ. ನನ್ನ ಅಂಕಣವನ್ನು ತಪ್ಪದೆ ಓದುವ ಗಂಡಸೂ ಅವರೊಬ್ಬರೇ. ಕೇಳಿದೆ ಅಂತ ಹೇಳು.

ಪತ್ರವನ್ನು ಪತ್ರಿಕೆಯ ಕಚೇರಿಗೆ ಹಾಕು. ನಾನಿದ್ದಲ್ಲಿಗೆ ಕಳಿಸುತ್ತಾರೆ.

ನಿನ್ನ ಅಕ್ಕ


ಜನವರಿ 20

ಅಕ್ಕಾ,

ನಿನ್ನ ಹಲ್ಲಿನ ಕಥೆ ಓದಿ ಊಟ ಸೇರಲಿಲ್ಲ. ಆ ಹಮಾಲ ಆಮೇಲೆ ಏನಾದ? ಬಾಯಿಗೆ ಬಟ್ಟೆ ಒತ್ತಿಕೊಳ್ಳಲು ಯಾರಾದರೂ ಕೊಟ್ಟರಾ? ನೀನು ಅದನ್ನು ಬರೆದಿಲ್ಲ. ನನಗೆ ಈಗ ಅಂಥದ್ದೇ ತಲೆಗೆ ಬರುತ್ತದೆ. ನಗಬೇಡ. ನಿದ್ದೆ ಇಲ್ಲ. ಕೂಸು ಎದ್ದರೆ ಅದು ಎದ್ದಿತು ಅಂತ ಎದ್ದಿರುತ್ತೇನೆ, ಮಲಗಿದರೆ ಉಸಿರಾಡುತ್ತಿದೆಯೋ ಇಲ್ಲವೋ ಅಂತ ಎದ್ದಿರುತ್ತೇನೆ. ಬಾಗಿಲ ಚಿಲಕ ಹಾಕಿದ್ದನ್ನು ಹಾಕಿದ್ದೇನೆಯೇ ಅಂತ ಮತ್ತೆ ಹೋಗಿ ಮುಟ್ಟಿ ನೋಡುತ್ತೇನೆ. ಹಗ್ಗ ಕಂಡರೆ ಹಾವು, ಹಾವು ಕಂಡರೆ ಹೆಬ್ಬಾವು.

ಮೊನ್ನೆ ಅಡುಗೆಮನೆಯಲ್ಲಿ ತಟ್ಟೆಗಳು ಬಿದ್ದ ಸದ್ದಿಗೆ ನಾನು ಕೂಸನ್ನು ಅವಚಿಕೊಂಡು ಗಲ್ಲಾದ ಕೆಳಗೆ ಕೂತುಬಿಟ್ಟಿದ್ದೆನಂತೆ. ಯಾವಾಗ ಕೂತೆನೋ ನನಗೇ ಗೊತ್ತಿಲ್ಲ. ಅಂಗಡಿಯ ಒಡತಿ, ನಾವೆಲ್ಲ ದೊಡ್ಡಮ್ಮ ಅಂತ ಕರೆಯುವುದು, ಬಗ್ಗಿ ನೋಡಿ, "ಏನಮ್ಮಾ, ಒಡೆದಿದ್ದು ತಟ್ಟೆ, ತಲೆ ಅಲ್ಲ. ಎದ್ದು ಬಾ, ಹಾಲು ಉಕ್ತಾ ಇದೆ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಫೋನು ಕೂಸಿನ ಸ್ನಾನದ ನೀರಿಗೆ ಬಿದ್ದುಹೋಯಿತು. ಹೊಸದು ಬೇಡ ಅನಿಸಿದೆ. ಇವರ ಕೆಲಸ ಇನ್ನೂ ಮುಗಿದಿಲ್ಲ, ದೂರದ ಊರಿನಲ್ಲಿ ಯಂತ್ರಗಳನ್ನು ಕೂರಿಸುತ್ತಿದ್ದಾರೆ. ತುಂಬ ದುಡಿಮೆ, ಅವರಿಗೆ ಪತ್ರ ಬರೆದು ತೊಂದರೆ ಕೊಡಬೇಡ.

ನಮ್ಮ ಯಂತ್ರ ಒಂದು ಕಡೆಯಿಂದ ಸೋರುತ್ತಿದೆ. ಹಬೆಯ ಕೊಳವೆಯ ಬುಡದಲ್ಲಿ ಚುರ್ ಅನ್ನುತ್ತಲೇ ಇರುತ್ತದೆ. ದೊಡ್ಡಮ್ಮ ಒಳ್ಳೆಯ ಮೆಕ್ಯಾನಿಕ್ಕಿಗಾಗಿ ಕಂಡಕಂಡವರನ್ನು ಕೇಳುತ್ತಿದ್ದಾರೆ.

ಅಪ್ಪನ ಕಾಫಿ ಅಂಗಡಿಯ ಪದ್ಧತಿ ಇಲ್ಲೂ ಶುರುಮಾಡಿದ್ದೇನೆ, ನೀನು ನೋಡಿದೆಯಲ್ಲ. ಪ್ರಯಾಣಿಕರು ಅರ್ಧ ಕುಡಿದು ರೈಲು ಬಂತೇ ಅಂತ ನೋಡಲು ಎದ್ದು ಹೋದರೆ ಸಾಸರನ್ನು ಬೋರಲು ಹಾಕಿ ಕಪ್ ಮುಚ್ಚಿ, ಮೇಲೆ ಚಮಚ ಅಡ್ಡ ಇಡುವುದು. ಆ ಕುರ್ಚಿಯಲ್ಲಿ ಬೇರೆಯವರು ಕೂರುವ ಹಾಗಿಲ್ಲ. ವಾಪಸ್ ಬಂದರೆ ಆರಿದ್ದನ್ನು ಚೆಲ್ಲಿ, ಕೇಳದೆಯೇ ಬಿಸಿಯದು ಕೊಡುವುದು. ಅಪ್ಪ ಅನ್ನುತ್ತಿದ್ದರಲ್ಲ, "ಊರ ಬಾಯಿ ಮುಚ್ಚೋಕಾಗಲ್ಲ, ಕಪ್ಪಿನ ಬಾಯಾದ್ರೂ ಮುಚ್ಚೋಣ." ಬೇರೆಲ್ಲೂ ನಾನು ಇದನ್ನು ಕಂಡಿಲ್ಲ.

ಒಂದು ಮಾತು. ನಮ್ಮ ಅಂಗಡಿಯ ಬಗ್ಗೆ ಅಂಕಣದಲ್ಲಿ ಬರೆಯಬೇಡ. ದೊಡ್ಡಮ್ಮನಿಗೆ ಗದ್ದಲ ಆಗುವುದಿಲ್ಲ.

ಗುಬ್ಬಿ


ಫೆಬ್ರವರಿ 8

ಅಯ್ಯೋ ಗುಬ್ಬಿ, ನಿನ್ನ ಪತ್ರ ಕೈಸೇರುವ ಹೊತ್ತಿಗೆ ಅದು ಅಚ್ಚಾಗಿಯೇ ಹೋಗಿತ್ತು. ನಿನಗೆ ಹೇಳದೆ ಖುಷಿಪಡಿಸೋಣ ಅಂದುಕೊಂಡಿದ್ದೆ. ಹೆದರಬೇಡ, ನಿನ್ನ ಹೆಸರಿಲ್ಲ, ದೊಡ್ಡಮ್ಮನದೂ ಇಲ್ಲ. ಸ್ಟೇಷನ್ನಿನ ಹೆಸರು ಮಾತ್ರ ಇದೆ. ಅದಿಲ್ಲದಿದ್ದರೆ ಪ್ರಯಾಣಿಕರು ಹುಡುಕುವುದು ಹೇಗೆ? ಕೇಳು:

"ಸ್ಟೇಷನ್ನಿನ ಹಿಂಬಾಗಿಲಿಂದ ಹೊರಬಂದರೆ ನೀಲಿ ಬಾಗಿಲಿನ ಅಂಗಡಿ. ಸೊಂಟದ ಮೇಲೆ ಕೂಸನ್ನು ಕೂರಿಸಿಕೊಂಡ ಹೆಂಗಸೊಬ್ಬಳು ಒಂದೇ ಕೈಯಲ್ಲಿ ಯಂತ್ರ ನಡೆಸುತ್ತಾಳೆ. ನೀವು ರೈಲು ನೋಡಲು ಎದ್ದರೆ ನಿಮ್ಮ ಕಪ್ಪಿಗೆ ಸಾಸರ್ ಮುಚ್ಚಿ, ಅದರ ಮೇಲೆ ಚಮಚ ಅಡ್ಡ ಇಡುತ್ತಾಳೆ. ಈ ಲೋಕದಲ್ಲಿ ನೀವು ಮರಳಿ ಬರುವಿರೆಂದು ನಂಬಿ ಕಾಯುವವರು ಒಬ್ಬರಾದರೂ ಇದ್ದಾರೆ."

ಸಂಪಾದಕರು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ, "ನಿಮಗೆ ಇಷ್ಟು ಮೃದುವಾಗಿ ಬರೆಯೋಕೆ ಬರುತ್ತೆ ಅಂತ ಗೊತ್ತಿರಲಿಲ್ಲ" ಅಂದರು. ಅಪ್ಪ ಇದ್ದಿದ್ದರೆ ಗೋಡೆಗೆ ಅಂಟಿಸುತ್ತಿದ್ದರು.

ದೊಡ್ಡಮ್ಮನಿಗೆ ಹೇಳು, ಇನ್ನು ಅವರ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಅಕ್ಕ


ಫೆಬ್ರವರಿ 19

ಅಕ್ಕಾ,

ನೀನು ಹೇಳಿದ ಹಾಗೇ ಆಗಿದೆ. ಪತ್ರಿಕೆಯ ಹಾಳೆ ಹಿಡಿದುಕೊಂಡು ಬರುತ್ತಾರೆ. ಸುಮ್ಮನೆ ಎದ್ದು ಬಾಗಿಲವರೆಗೆ ಹೋಗಿ, ನಾನು ಮುಚ್ಚುತ್ತೇನೋ ಇಲ್ಲವೋ ಎಂದು ತಿರುಗಿ ನೋಡುತ್ತಾರೆ. ಕೆಲವರು ಫೋಟೋ ತೆಗೆಯುತ್ತಾರೆ. ನಾನು ಮುಖ ತಿರುಗಿಸಿದರೆ ನಾಚಿಕೆ ಅಂದುಕೊಳ್ಳುತ್ತಾರೆ.

ನಿನ್ನೆ ಮುಚ್ಚಿದ ಕಪ್ಪಿನ ಎದುರಿನ ಕುರ್ಚಿಯಲ್ಲಿ ಒಬ್ಬ ದಢೂತಿ ಕೂತ. ಆ ಕಪ್ ಬಿಟ್ಟುಹೋಗಿದ್ದ ಹೆಂಗಸು ವಾಪಸ್ ಬಂದು, ಇದು ನನ್ನ ಜಾಗ ಅಂದಳು. "ಕುರ್ಚಿ ಮೇಲೆ ನಿಮ್ಮಪ್ಪನ ಹೆಸರು ಬರೆದಿದೆಯಾ?" ಅಂದ. ಅವಳು ಕಪ್ ತೆಗೆದುಕೊಳ್ಳಲು ಕೈ ಚಾಚಿದಳು. ಅವನು ಕೂತಲ್ಲಿಂದಲೇ ಅವಳ ಕೆನ್ನೆಗೆ ಹೊಡೆದ. ಎಷ್ಟು ಸಲೀಸಾಗಿ ಹೊಡೆದನೆಂದರೆ, ನೊಣ ಓಡಿಸಿದ ಹಾಗೆ. ದೊಡ್ಡಮ್ಮ ಪೊರಕೆ ತಿರುಗಿಸಿ ಹಿಡಿದು ಅವನ ಮೊಣಕಾಲಿಗೆ ಬಾರಿಸಿ ಬೀದಿಗೆ ಅಟ್ಟಿದರು. ನಾನು ಏನು ಮಾಡಿದೆ ಗೊತ್ತಾ? ಹಾಲು ಕಾಯಿಸುತ್ತಲೇ ನಿಂತಿದ್ದೆ. ಪಾತ್ರೆ ಉಕ್ಕಿ ಕೈಮೇಲೆ ಸುರಿದರೂ ನಿಂತಿದ್ದೆ. ಆ ಹೆಂಗಸಿನ ಕೆನ್ನೆಯ ಮೇಲೆ ಬೆರಳುಗಳು ಒಂದೊಂದೇ ಮೂಡುವುದನ್ನು ನೋಡುತ್ತಿದ್ದೆ.

ಆ ಪತ್ರಿಕೆ ಎಲ್ಲೆಲ್ಲಿಗೆ ಹೋಗುತ್ತದೆ ಅಕ್ಕಾ? ಸಣ್ಣ ಊರುಗಳಿಗೂ ಹೋಗುತ್ತದಾ? ವರ್ಕ್‌ಶಾಪುಗಳಿಗೆ ತರಿಸುತ್ತಾರಾ? ಯಾರಾದರೂ ನಿನ್ನ ಬಳಿ ಬಂದು ಆ ಹೆಂಗಸು ಯಾರು ಅಂತ ಕೇಳಿದರೆ, ಯಾರೋ ಗೊತ್ತಿಲ್ಲ ಅನ್ನು. ನನ್ನ ತಂಗಿ ಅನ್ನಬೇಡ. ಯಾಕೆ ಅಂತ ಕೇಳಬೇಡ. ನಿದ್ದೆಯಿಲ್ಲದವಳ ಹುಚ್ಚು ಅಂದುಕೊ, ಆದರೆ ಹಾಗೇ ಮಾಡು.

ಗುಬ್ಬಿ


ಮಾರ್ಚ್ 2

ಮುದ್ದು ಗುಬ್ಬಿ,

ನಿನ್ನ ಪತ್ರಗಳನ್ನೆಲ್ಲ ಸಾಲಾಗಿ ಹರಡಿಕೊಂಡು ಓದಿದೆ. ಚಿಲಕ, ಗಲ್ಲಾದ ಕೆಳಗೆ ಕೂತದ್ದು, ಕೈಮೇಲೆ ಹಾಲು. ನಾನು ಎಂಥ ಅಕ್ಕ, ತಮಾಷೆ ಅಂದುಕೊಂಡು ನಗುತ್ತಿದ್ದೆ. ಹೆರಿಗೆಯಾದ ಮೇಲೆ ಕೆಲವರಿಗೆ ಹೀಗಾಗುತ್ತದಂತೆ. ತಮ್ಮವರೇ ಶತ್ರುಗಳ ಹಾಗೆ, ಇಲ್ಲದ್ದು ಇದ್ದ ಹಾಗೆ ಕಾಣುವುದು. ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಅಮ್ಮನೂ ನೀನು ಹುಟ್ಟಿದಾಗ ಬಾವಿಕಟ್ಟೆಯ ಹತ್ತಿರ ಹೋಗುತ್ತಿರಲಿಲ್ಲವಂತೆ, ನಿನ್ನನ್ನು ಎಲ್ಲಿ ಎಸೆದುಬಿಡುತ್ತೇನೋ ಅಂತ ಹೆದರಿ.

ಮಗುವಿಗೆ ಅಪ್ಪ ಬೇಕು ಗುಬ್ಬಿ. ಸಿಟ್ಟಿನಲ್ಲಿ ಹೊರಟುಬಂದವರು ಸಿಟ್ಟು ಇಳಿದ ಮೇಲೆ ವಾಪಸ್ ಹೋಗಲು ಸಂಕೋಚಪಡುತ್ತಾರೆ. ಅಂಥ ಹೊತ್ತಿನಲ್ಲಿ ಮೂರನೆಯವರು ಒಂದು ಹೆಜ್ಜೆ ಮುಂದೆ ಬರಬೇಕಾಗುತ್ತದೆ. ಸುಳ್ಳು ಹೇಳಿದೆಯೆಂದು ನಾನು ನಿನ್ನ ಮೇಲೆ ಮುನಿಸಿಕೊಂಡಿಲ್ಲ.

ಹೆಚ್ಚು ಹೇಳುವುದಿಲ್ಲ. ಒಂದು ಸಂತೋಷ ನಿನ್ನ ಬಾಗಿಲಿಗೆ ಬರುತ್ತಿದೆ. ನಿಮ್ಮ ಸೋರುವ ಯಂತ್ರವೂ ಸರಿಹೋಗುತ್ತದೆ, ನೋಡುತ್ತಿರು.

ಅಕ್ಕ


ಮಾರ್ಚ್ 9

ಅಕ್ಕಾ,

ನಿನ್ನಿಂದ ಪತ್ರವಿಲ್ಲ. ಬರುವವರೆಗೆ ಕಾಯಲು ಪುರುಸೊತ್ತಿಲ್ಲ. ಇಷ್ಟು ದಿನ ಹೇಳದ್ದನ್ನು ಹೇಳುತ್ತೇನೆ.

ಇವತ್ತು ಕೂಸಿಗೆ ಹಾಲೂಡಿಸಿ ಮಹಡಿಯಿಂದ ಇಳಿದುಬಂದರೆ, ಬಾಗಿಲ ಪಕ್ಕದ ಮೇಜಿನ ಮೇಲೆ ಸಾಸರ್ ಮುಚ್ಚಿದ ಒಂದು ಕಪ್ ಇತ್ತು. ಮೇಲೆ ಅಡ್ಡಡ್ಡ ಚಮಚ. ನಾನು ಮುಚ್ಚಿದ್ದಲ್ಲ. ದೊಡ್ಡಮ್ಮನೂ ಮುಚ್ಚಿಲ್ಲ. "ಯಾರೋ ಒಬ್ಬರು ತಾವೇ ಮುಚ್ಚಿಟ್ಟು ಹೋದ್ರು. ಒಂದು ಗುಟುಕೂ ಕುಡೀಲಿಲ್ಲ. ಆಮೇಲೆ ಬರ್ತೀನಿ ಅಂದ್ರು, ಒಳ್ಳೇ ಮರ್ಯಾದಸ್ಥರು" ಅಂದರು. ಚಮಚದ ಹಿಡಿ ಗೋಡೆಯ ಕಡೆಗೆ ತಿರುಗಿತ್ತು. ನಿನ್ನ ಲೇಖನದಲ್ಲಿ ಚಮಚ ಯಾವ ಕಡೆಗೆ ಅಂತ ಇಲ್ಲ. ಅಪ್ಪನ ಅಂಗಡಿಯಲ್ಲಿ ಗೋಡೆಯ ಕಡೆಗೇ ಇಡುತ್ತಿದ್ದದ್ದು, ತಗುಲಿ ಬೀಳದಿರಲಿ ಅಂತ. ಅದನ್ನು ಬಲ್ಲವರು ನೀನು, ನಾನು, ಮತ್ತೆ ಅಲ್ಲಿ ಯಂತ್ರ ರಿಪೇರಿಗೆ ಬರುತ್ತಿದ್ದ ಅವನು.

ಅವನು ಯಾವ ಊರಿಗೂ ಕೆಲಸಕ್ಕೆ ಹೋಗಿಲ್ಲ. ನಾನು ಓಡಿಬಂದವಳು.

ಮದುವೆಯಾದ ವರ್ಷವೇ ಶುರುವಾಯಿತು. ಮನೆಯ ಹಿಂದೆ ಅವನ ವರ್ಕ್‌ಶಾಪು, ಗೊತ್ತಲ್ಲ. ರಿಪೇರಿಯಾದ ಯಂತ್ರಕ್ಕೆ ಹಬೆ ಏರಿಸಿ, "ಒತ್ತಡ ಸರಿಯಾಗಿದೆಯಾ ನೋಡೋಣ, ಕೈ ತಾ" ಅನ್ನುತ್ತಿದ್ದ. ಮೊದಲ ಸಲ ತಮಾಷೆ ಅಂದುಕೊಂಡು ಕೈ ಕೊಟ್ಟೆ ಅಕ್ಕಾ. ನಾನೇ ಕೊಟ್ಟೆ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಎದ್ದುಬಂತು. ಒಲೆ ತಗುಲಿತು ಎಂದು ನಿನಗೆ ಬರೆದಿದ್ದೆ, ನೆನಪಿದೆಯಾ? ನೀನು ಮುಲಾಮಿನ ಹೆಸರು ಬರೆದು ಕಳಿಸಿದ್ದೆ. ಫ್ಯಾಷನ್ ತೋಳು ಅಂದೆಯಲ್ಲ, ಅದು ಇದಕ್ಕೆ. ಆಮೇಲೆ ನೀರು ಚಿಮುಕಿಸಿ, ಗಾಳಿ ಊದಿ, ಮಗುವಿನ ಹಾಗೆ ಅಳುತ್ತಿದ್ದ. ಮರುವಾರ ಮತ್ತೆ. ಬಸುರಿಯಾಗಿದ್ದಾಗ ಹೊಟ್ಟೆಗೆ ಒದ್ದ, ಆಮೇಲೆ ಹೊಟ್ಟೆಗೆ ಕಿವಿಯಿಟ್ಟು ಒಳಗಿರುವವಳ ಹತ್ತಿರ ಕ್ಷಮೆ ಕೇಳಿದ. ನನ್ನ ಫೋನಿನಲ್ಲಿ ನಾನೆಲ್ಲಿದ್ದೇನೆಂದು ಅವನಿಗೆ ಕಾಣುತ್ತಿತ್ತು. ಅದಕ್ಕೇ ನಾನೇ ಅದನ್ನು ನೀರಿಗೆ ಹಾಕಿದೆ.

ಇಷ್ಟಾದರೂ ಇರುತ್ತಿದ್ದೆನೇನೋ. ಒಂದು ದಿನ ಅವನ ಅಂಗಿಯ ಗುಂಡಿ ಹೊಲಿದಿರಲಿಲ್ಲ. ಕೂಸನ್ನು ಎತ್ತಿಕೊಂಡು ಮಹಡಿಯ ಕಿಟಕಿಯ ಹತ್ತಿರ ಹೋಗಿ, ಎರಡೂ ಕೈಯಲ್ಲಿ ಹೊರಗೆ ಹಿಡಿದ. "ತಪ್ಪಾಯ್ತು ಅನ್ನು." ಅಂದೆ. "ಕೇಳಿಸ್ಲಿಲ್ಲ." ಮತ್ತೆ ಅಂದೆ. ಕೂಸು ಗಾಳಿಗೆ ಕಾಲು ಆಡಿಸುತ್ತ ನಗುತ್ತಿತ್ತು. ಅದು ನಗುತ್ತಿತ್ತು ಅಕ್ಕಾ. ಅವನು ಒಂದು ಕೈ ಬಿಟ್ಟ. ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಉಟ್ಟ ಬಟ್ಟೆಯಲ್ಲೇ ಹೊರಟೆ.

ನಿನಗೆ ಯಾಕೆ ಹೇಳಲಿಲ್ಲ? ಅಪ್ಪನ ಯಂತ್ರವನ್ನು ಬಿಡಿಗಾಸು ತೆಗೆದುಕೊಳ್ಳದೆ ಸರಿಮಾಡಿಕೊಟ್ಟನೆಂದು ನೀನೇ ಅವನನ್ನು ಮೆಚ್ಚಿ ಮುಂದೆ ನಿಂತು ಮದುವೆ ಮಾಡಿಸಿದವಳು. ನಿನ್ನ ಮುಖ ಸಣ್ಣದಾಗುವುದನ್ನು ನೋಡಲಾರದೆ ಹೋದೆ. ದೊಡ್ಡಮ್ಮನಿಗೂ ಗಂಡ ಹೊಡೆಯುತ್ತಿದ್ದ ಎಂದಷ್ಟೇ ಹೇಳಿದ್ದೇನೆ. ಮೆಕ್ಯಾನಿಕ್ ಅಂತ ಹೇಳಿಲ್ಲ, ಯಾವುದೋ ಕಾರ್ಖಾನೆಯವನು ಅಂದಿದ್ದೇನೆ. ಈ ಕಸುಬಿನವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಇವರು ವಿಚಾರಿಸಲು ಹೋದರೆ ಸುದ್ದಿ ಅವನ ಕಿವಿಗೆ ಬೀಳುತ್ತದೆ ಎಂದು ಹೆದರಿದೆ. ಮೀಸೆ ಇದೆ, ಎತ್ತರದ ಆಳು, ಬಂದರೆ ಒಳಗೆ ಬಿಡಬೇಡಿ ಅಂತ ಈಗ ಹೇಳಿದ್ದೇನೆ. ಬಂದಿದ್ದವನಿಗೆ ಮೀಸೆ ಇರಲಿಲ್ಲ, ನೀನು ಸುಮ್ಮನೆ ಹೆದರಬೇಡ ಅನ್ನುತ್ತಾರೆ.

ಈಗಲೇ ಹೊರಟುಬಿಡುತ್ತಿದ್ದೆ. ಕೂಸಿಗೆ ಜ್ವರ, ಮೈ ಕೆಂಡ. ಇಳಿದ ಕೂಡಲೇ ಹೋಗುತ್ತೇವೆ. ಆ ಕಪ್ಪನ್ನು ತೆಗೆಯಲು ಹೋದೆ, ಆಗಲಿಲ್ಲ. ಬರುತ್ತೇನೆಂದು ಹೇಳಿಹೋದವರ ಕಪ್ ತೆಗೆಯಬಾರದೆಂದು ನಾನೇ ಇಲ್ಲಿ ಎಲ್ಲರಿಗೂ ಕಲಿಸಿದ್ದೇನೆ.

ನೀನು ಬಾ. ಎಲ್ಲಿದ್ದರೂ ಬಾ.


ಮಾರ್ಚ್ 15

ಗುಬ್ಬಿ, ಈಗಷ್ಟೇ ನಿನ್ನ ಪತ್ರ ಸಿಕ್ಕಿತು. ಕೂಸಿಗೆ ಜ್ವರವಿದ್ದರೂ ಸರಿ, ಸುತ್ತಿಕೊಂಡು ಹೊರಡು. ಮೆಕ್ಯಾನಿಕ್ ಎಂದು ಯಾರು ಬಂದರೂ ಒಳಗೆ ಬಿಡಬೇಡಿ ಎಂದು ದೊಡ್ಡಮ್ಮನಿಗೆ ಹೇಳು. ಯಾರೇ ಬಂದರೂ. ನನಗೆ ಹೇಗೆ ಗೊತ್ತು ಎಂದು ಕೇಳಬೇಡ, ಮೊದಲು ಹೊರಡು. ನಾನು ರೈಲಿಗೆ ಹೋಗುತ್ತಿದ್ದೇನೆ. ಹಳಿ ಕೆಟ್ಟು ಎರಡು ದಿನದಿಂದ ಇಲ್ಲಿಂದ ರೈಲೇ ಹೊರಟಿಲ್ಲ. ಆದರೂ ಸ್ಟೇಷನ್ನಿನಲ್ಲೇ ಕೂರುತ್ತೇನೆ. ನಿಮ್ಮ ಅಂಗಡಿಗೂ ಫೋನಿಲ್ಲ, ಟಪಾಲಿನ ಲಾರಿಯಲ್ಲಾದರೂ ಈ ಪತ್ರ ಮೊದಲು ಸೇರಲಿ.


ಮಾರ್ಚ್ 18

ಅಕ್ಕಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಬಲಗೈಗೆ ಪಟ್ಟಿ ಕಟ್ಟಿದ್ದಾರೆ. ನೀನು ಬರುವುದು ಬೇಡ. ಓದಿದ ಮೇಲೆ ಯಾಕೆಂದು ತಿಳಿಯುತ್ತದೆ.

ಹದಿನೈದರ ಬೆಳಿಗ್ಗೆ ಕೂಸಿನ ಜ್ವರ ಇಳಿಯಿತು. ಗಂಟು ಕಟ್ಟಿ, ಅದನ್ನು ಸೊಂಟಕ್ಕೆ ಹಾಕಿಕೊಂಡು ಕೆಳಗೆ ಬಂದೆ. ಅಂಗಡಿ ತುಂಬ ಜನ. ಯಂತ್ರದ ಹಿಂದೆ ನೀಲಿ ಕೋಟು ಹಾಕಿದ ಒಬ್ಬಾತ ಬಗ್ಗಿ ಕೆಲಸ ಮಾಡುತ್ತಿದ್ದ. ದೊಡ್ಡಮ್ಮ ನನ್ನನ್ನು ಕಂಡು ಸಂಭ್ರಮದಿಂದ, "ನೋಡು, ಅಂತೂ ಮೆಕ್ಯಾನಿಕ್ ಸಿಕ್ಕಿದ್ರು. ಮೊನ್ನೆ ಕಪ್ ಮುಚ್ಚಿ ಹೋದ್ರಲ್ಲ, ಅವರೇ. ಸೋರೋ ಸದ್ದು ಆವತ್ತೇ ಅವರ ಕಿವಿಗೆ ಬಿದ್ದಿತ್ತಂತೆ" ಅಂದರು.

ಅವನು ಎದ್ದು ನಿಂತ. ಮೀಸೆ ಬೋಳಿಸಿದ್ದ ತುಟಿಯ ಮೇಲೆ ಬೆವರು. ಕೈಯಲ್ಲಿ ದೊಡ್ಡ ಸ್ಪ್ಯಾನರ್. ಎಷ್ಟು ಮೆತ್ತಗೆ ಮಾತಾಡಿದ ಗೊತ್ತಾ.

"ನಿಮ್ಮಕ್ಕನೇ ಕಳಿಸಿದ್ದು. ಮಹಡಿ ಮೇಲಿನ ರೂಮು, ಸೋರೋ ಯಂತ್ರ, ಎಲ್ಲ ಅವರೇ ಹೇಳಿದ್ರು. ನಿನಗೆ ತಲೆ ಸರಿಯಿಲ್ಲ, ಕೂಸನ್ನ ಜೋಪಾನ ಮಾಡಿ ಅಂದ್ರು. ಕೊಡು ಇಲ್ಲಿ."

ನಾನು ಹಿಂದೆ ಸರಿದೆ. ಅವನು ಹಬೆಯ ಕೊಳವೆ ತಿರುಗಿಸಿ ಪೂರ್ತಿ ಬಿಟ್ಟ. ಗಲ್ಲಾ ಮತ್ತು ಬಾಗಿಲ ನಡುವಿನ ಕಿರುದಾರಿಗೆ ಅಡ್ಡಲಾಗಿ ಬಿಳಿ ಹಬೆ. ಆ ಸದ್ದಿಗೇ ನನ್ನ ಸುಟ್ಟ ಕೈ ತಾನಾಗಿ ಮಡಚಿಕೊಂಡಿತು. ಈಗ ದೊಡ್ಡಮ್ಮನಿಗೆ ಎಲ್ಲ ಅರ್ಥವಾಯಿತು. ಪೊರಕೆ ತೆಗೆದುಕೊಳ್ಳಲೂ ನಿಲ್ಲದೆ ಬರಿಗೈಯಲ್ಲೇ ಅವನ ಕುತ್ತಿಗೆಗೆ ಜೋತುಬಿದ್ದರು. ಅವನು ತಿರುಗಿಯೂ ನೋಡದೆ ಸ್ಪ್ಯಾನರನ್ನು ಭುಜದ ಮೇಲಿಂದ ಹಿಂದಕ್ಕೆ ಬೀಸಿದ. ಒಣ ಕಟ್ಟಿಗೆ ಮುರಿದ ಸದ್ದಾಯಿತು. ಅವರು ಗೋಡೆಗುಂಟ ಜಾರಿ ಕೂತರು. ಆಮೇಲೆ ಗೊತ್ತಾಯಿತು, ಕೊರಳಿಗೂ ಭುಜಕ್ಕೂ ನಡುವಿನ ಮೂಳೆ ಎರಡು ತುಂಡು.

ಅಂಗಡಿ ತುಂಬ ಪ್ರಯಾಣಿಕರು ಅಕ್ಕಾ. ನಿನ್ನ ಲೇಖನ ಓದಿ ಬಂದವರು. ಯಾರೂ ಏಳಲಿಲ್ಲ. ಒಬ್ಬಾತ ತನ್ನ ಚೀಲವನ್ನು ಕಾಲ ಸಂದಿಗೆ ಎಳೆದುಕೊಂಡ. ಒಬ್ಬಳು ತನ್ನ ಕಪ್ಪಿಗೆ ಸಾಸರ್ ಮುಚ್ಚಿದಳು, ಏನೂ ಬೀಳದಿರಲಿ ಅಂತ.

ಅವನು ಕೂಸಿನ ಕಾಲು ಹಿಡಿದು ಎಳೆದ. ನಾನು ಮೈ ಹಿಡಿದು ಎಳೆದೆ. ಅದು ಚೀರಿತು. ಇನ್ನೊಂದು ಸಲ ಎಳೆದರೆ ಅದರ ಕಾಲು ಕೀಲು ತಪ್ಪುತ್ತದೆ ಅನಿಸಿ ನಾನೇ ಬಿಟ್ಟುಬಿಟ್ಟೆ. ಬಿಟ್ಟ ಕೈಗೆ ಯಂತ್ರದ ಹಿಡಿ ಸಿಕ್ಕಿತು. ಪುಡಿ ತುಂಬುತ್ತೇವಲ್ಲ, ಕಬ್ಬಿಣದ ತಲೆಯದು. ಅದನ್ನು ಯಂತ್ರದಿಂದ ತಿರುಚಿ ಕಿತ್ತೆ. ದಿನಕ್ಕೆ ಅದೆಷ್ಟು ಸಲ ಹಾಕಿ ತೆಗೆಯುತ್ತೇನೋ, ಕೈಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಅವನು ಕೂಸನ್ನು ತೋಳಿಗೆ ಏರಿಸಿಕೊಳ್ಳಲು ಬಗ್ಗಿದಾಗ ದವಡೆಗೆ ಹೊಡೆದೆ. ಬಿಸಿ ಪುಡಿ ಅವನ ಕಣ್ಣಿಗೆ ಹಾರಿತು. ಕೂಸು ಜಾರಿತು. ದೊಡ್ಡಮ್ಮ ಕೂತಲ್ಲಿಂದಲೇ ಕಾಲು ಚಾಚಿ ತಮ್ಮ ಮಡಿಲಿಗೆ ಬೀಳುವ ಹಾಗೆ ತಡೆದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನು ಮಂಡಿಯೂರಿ ಕೂತಿದ್ದ, ಕೈಯನ್ನು ಗಲ್ಲಾದ ಅಂಚಿನ ಮೇಲೆ ಊರಿದ್ದ. ಆ ಕೈಯನ್ನು ನೋಡಿದೆ. ಆ ಬೆರಳುಗಳ ಮೇಲೆ ಹೊಡೆದೆ. ಮತ್ತೆ ಹೊಡೆದೆ. "ತಪ್ಪಾಯ್ತು ಅನ್ನು" ಅನ್ನುತ್ತಿದ್ದೆನಂತೆ. ಅವನು ಅಂದನಂತೆ. ಕೇಳಿಸಲಿಲ್ಲ ಅಂದೆನಂತೆ. ಇದೆಲ್ಲ ಆಮೇಲೆ ಪೊಲೀಸರಿಗೆ ಬೇರೆಯವರು ಹೇಳಿದ್ದು. ಹಬೆಯ ನಡುವೆಯೇ ಕೈ ಬೀಸಿ ಹೊಡೆಯುತ್ತಿದ್ದುದರಿಂದ ನನ್ನ ಬಲಗೈ ಮತ್ತೆ ಬೆಂದಿದೆ. ಅದು ಉರಿಯುತ್ತಿದೆ ಎಂದು ತಿಳಿದದ್ದೇ ಸಂಜೆ.

ಕೈ ನಡುಗಲಿಲ್ಲ ಅಕ್ಕಾ. ಚಿಲಕ ಮುಟ್ಟಿ ಮುಟ್ಟಿ ನೋಡುವವಳ ಕೈ, ತಟ್ಟೆ ಬಿದ್ದರೆ ಅಡಗುವವಳ ಕೈ. ಅವತ್ತು ಕೂಸಿನ ಪಕ್ಕ ಒರಗಿ ಎಷ್ಟೋ ತಿಂಗಳ ಮೇಲೆ ಗಾಢವಾಗಿ ನಿದ್ದೆ ಮಾಡಿದೆ. ನನಗೆ ಈಗ ಅವನಿಗಿಂತ ಆ ನಿದ್ದೆಯ ಭಯ.

ಅವನು ಆಸ್ಪತ್ರೆಯಲ್ಲಿದ್ದಾನೆ, ಬಾಗಿಲಲ್ಲಿ ಪೊಲೀಸಿನವನು. ದವಡೆಗೆ ತಂತಿ ಹಾಕಿದ್ದಾರೆ. ಬಲಗೈಯಲ್ಲಿ ಇನ್ನು ಸ್ಪ್ಯಾನರ್ ಹಿಡಿಯಲಾರ. ಅವನ ಅಣ್ಣ ಠಾಣೆಗೆ ಬಂದು, ಇವಳಿಗೆ ಹುಚ್ಚು, ಇವಳ ಒಡಹುಟ್ಟಿದವಳೇ ಹೇಳಿದ್ದಾಳೆ, ಮಗುವನ್ನು ನಮಗೆ ಕೊಡಿಸಿ ಅನ್ನುತ್ತಿದ್ದಾನೆ.

ನಿನ್ನ ಮಾರ್ಚ್ ಎರಡರ ಪತ್ರ ಮತ್ತು ಹದಿನೈದರ ಪತ್ರ ಎರಡೂ ಇವತ್ತು ಒಟ್ಟಿಗೆ ಬಂದವು, ಮೊದಲನೆಯದು ಬೇರೆ ಯಾವುದೋ ಊರು ಸುತ್ತಿ ಬಂದಿದೆ. ಸಂತೋಷ ಬಂದು ಹೋಯಿತು. ಯಂತ್ರದ ಹೊರಕವಚವನ್ನು ಅರ್ಧ ಬಿಚ್ಚಿದ್ದ, ಹಾಗೇ ಬಿದ್ದಿದೆ.


ಏಪ್ರಿಲ್ 2

ಗುಬ್ಬಿ,

ಹಳಿ ಸರಿಹೋಗುವಷ್ಟರಲ್ಲಿ ಬರಬೇಡವೆಂಬ ನಿನ್ನ ಪತ್ರ ತಲುಪಿತು. ನನಗೆ ಬರೆಯುವ ಮುಖವಿಲ್ಲ, ಆದರೂ ಎರಡು ವಿಷಯ ನಿನಗೆ ತಿಳಿದಿರಬೇಕು.

ಫೆಬ್ರವರಿಯ ಕೊನೆಯಲ್ಲಿ ಅವನು ಪತ್ರಿಕೆಯ ಕಚೇರಿಗೆ ಬಂದು ನನ್ನೆದುರು ಕೂತು ಅತ್ತ. ಕೂಸಿನ ಕುಲಾವಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ನೀನು ನಿದ್ದೆ ಮಾಡುವುದಿಲ್ಲ, ಹೆದರುತ್ತೀಯ, ಚಿಲಕ ಮುಟ್ಟುತ್ತೀಯ ಎಂದ. ನಿನ್ನ ಪತ್ರದಲ್ಲೂ ಅದೇ ಇತ್ತು. ಯಾರಿಗೆ ಹೆದರುತ್ತೀಯ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ನಾನೇ ಅವನಿಗೆ ಕಾಫಿ ತರಿಸಿದೆ. ಫೋನ್ ಬಂತೆಂದು ಅವನು ಎದ್ದು ಹೋದಾಗ ಅವನ ಕಪ್ಪಿಗೆ ಸಾಸರ್ ಮುಚ್ಚಿದವಳು ನಾನು.

ಎರಡನೆಯದು. ಮೊನ್ನೆ ಠಾಣೆಗೆ ಹೋಗಿ, ಹುಚ್ಚೆಂದು ನಾನು ಅಂದದ್ದು ಅವನ ಮಾತು ನಂಬಿ, ಅದು ಸುಳ್ಳು ಎಂದು ಬರೆಸಿ ರುಜು ಹಾಕಿದ್ದೇನೆ. ನಿನ್ನ ಮಾರ್ಚ್ ಒಂಬತ್ತರ ಪತ್ರವನ್ನೂ ಕೊಟ್ಟಿದ್ದೇನೆ. ಅಲ್ಲಿಂದ ನೀಲಿ ಬಾಗಿಲವರೆಗೆ ಬಂದೆ. ದೊಡ್ಡಮ್ಮ ತೋಳನ್ನು ಪಟ್ಟಿಯಿಂದ ಕೊರಳಿಗೆ ತೂಗುಹಾಕಿಕೊಂಡು ಗಲ್ಲಾದಲ್ಲಿ ಕೂತಿದ್ದರು. "ನೀವು ಬರೆದ ಹಾಗೇ ಇದೆಯಾ ಅಂಗಡಿ?" ಎಂದರು. ನೀನು ಮಹಡಿಯಿಂದ ಇಳಿಯಲಿಲ್ಲ. ಕೂಸು ಅಳುವುದು ಕೇಳಿಸಿತು.

ಅಂಕಣ ನಿಲ್ಲಿಸಿದ್ದೇನೆ. ನನ್ನನ್ನು ಒಂದು ಸಲ ನೋಡು.

ಅಕ್ಕ


ಏಪ್ರಿಲ್ 20

ಅಕ್ಕಾ,

ನೀನು ಬಂದದ್ದು ಕಿಟಕಿಯಿಂದ ಕಂಡಿತು. ಕೆಂಪು ಚೀಲದ ಪಟ್ಟಿಯನ್ನು ಅದೇ ಹಳೇ ರೀತಿ ತಲೆಯ ಮೇಲಿಂದ ಹಾಕಿಕೊಂಡಿದ್ದೆ. ಮೆಟ್ಟಿಲವರೆಗೆ ಬಂದೆ. ಇಳಿಯಲು ಆಗಲಿಲ್ಲ. ನಿನ್ನನ್ನು ಕಂಡರೆ ಎಲ್ಲಿಗೆ ಹೋಗುತ್ತೇನೆಂದು ಹೇಳಿಬಿಡುತ್ತಿದ್ದೆ.

ನೀನು ಬರೆಸಿದ್ದು ಕೆಲಸಕ್ಕೆ ಬಂತು. ಕೂಸು ಸದ್ಯಕ್ಕೆ ನನ್ನದೇ, ನನ್ನ ಮೇಲೆ ಪ್ರಕರಣವಿಲ್ಲ. ಆದರೆ ಅವನಿಗೆ ಜಾಮೀನು ಸಿಗುತ್ತದೆಯಂತೆ, ವಾರವಾಗಲಿ, ತಿಂಗಳಾಗಲಿ. ಅವನಿಗೆ ಇನ್ನೂ ಎಡಗೈ ಇದೆ. ನನಗೂ ಈಗ ಗೊತ್ತಾಗಿದೆ ನನ್ನ ಕೈಯಲ್ಲಿ ಏನಿದೆ ಎಂದು. ಅವನು ಇನ್ನೊಮ್ಮೆ ಬಾಗಿಲಲ್ಲಿ ನಿಂತರೆ ನಾನು ದವಡೆಗೆ, ಬೆರಳಿಗೆ ನಿಲ್ಲಿಸುವುದಿಲ್ಲ. ಕೂಸು ಅದನ್ನು ನೋಡಬಾರದು. ಅದಕ್ಕೇ ಹೊರಟಿದ್ದೇನೆ. ಈ ಪತ್ರ ನಿನ್ನ ಕೈಗೆ ಬರುವಷ್ಟರಲ್ಲಿ ದೊಡ್ಡಮ್ಮನಿಗೂ ನಾನೆಲ್ಲಿದ್ದೇನೆಂದು ಗೊತ್ತಿರುವುದಿಲ್ಲ. ಅವರೇ, "ನನಗೆ ಹೇಳ್ಬೇಡಮ್ಮಾ, ನನ್ನ ಬಾಯಿ ಸೋರುತ್ತೆ, ಯಂತ್ರಕ್ಕಿಂತ ಜಾಸ್ತಿ" ಅಂದರು. ಒಂದೇ ಕೈಯಲ್ಲಿ ಕೂಸಿನ ಗಂಟು ಕಟ್ಟಿಕೊಟ್ಟರು.

ನನಗೆ ಬರುವುದು ಇದೊಂದೇ ಕೆಲಸ, ಹಾಗಾಗಿ ಎಲ್ಲೋ ಒಂದು ಕಡೆ ಕಾಫಿಯನ್ನೇ ಮಾಡುತ್ತಿರುತ್ತೇನೆ. ಆದರೆ ಹೊಗಳುವ ಹಾಗೆ ಮಾಡುವುದಿಲ್ಲ. ಸ್ವಲ್ಪ ನೀರಾಗಿ, ಸ್ವಲ್ಪ ಕಹಿಯಾಗಿ, ಕುಡಿದವರು ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುವ ಹಾಗೆ. ಯಾರ ಕಪ್ಪನ್ನೂ ಮುಚ್ಚುವುದಿಲ್ಲ. ಎದ್ದುಹೋದವರದು ಆರುತ್ತದೆ, ಆರಲಿ. ಬರೆಯಲು ಏನೂ ಇಲ್ಲದ ಅಂಗಡಿಯಾಗಿರುತ್ತದೆ ಅದು.

ನೀನು ಊರೂರು ಸುತ್ತುವುದನ್ನು ಬಿಡುವವಳಲ್ಲ. ಯಾವತ್ತೋ, ಯಾವುದೋ ಸ್ಟೇಷನ್ನಿನ ಬಳಿ, ಸಪ್ಪೆ ಕಾಫಿಯನ್ನು ಅರ್ಧ ಕುಡಿದು ರೈಲು ನೋಡಲು ಎದ್ದು ಹೋಗುತ್ತೀಯ. ವಾಪಸ್ ಬಂದಾಗ ನಿನ್ನ ಕಪ್ಪಿಗೆ ಮಾತ್ರ ಸಾಸರ್ ಮುಚ್ಚಿದ್ದರೆ, ಚಮಚದ ಹಿಡಿ ಗೋಡೆಯ ಕಡೆಗಿದ್ದರೆ, ಯಂತ್ರದ ಕಡೆಗೆ ನೋಡಬೇಡ. ಹೆಸರು ಹಿಡಿದು ಕರೆಯಬೇಡ. ಬಿಸಿಯದು ತಂದಿಡುತ್ತಾರೆ, ಅದು ಅಪ್ಪ ಮಾಡುತ್ತಿದ್ದ ಹಾಗೇ ಇರುತ್ತದೆ.

ಪೂರ್ತಿ ಕುಡಿದು, ಎದ್ದು ಹೋಗು. ಯಾರಿಗೂ ಹೇಳಬೇಡ.